ಮೂವತ್ತು ಸೆಕೆಂಡು

ಹಗಲಲ್ಲಿ ಇದರ ಫೋಟೊ ತೆಗೆದರೆ
ತುಕ್ಕು ಬರುತ್ತದೆ, ಹಿಂದೆ ಸ್ಕೂಟರ್ ಸ್ಟ್ಯಾಂಡು ಬರುತ್ತದೆ,
ಹೊಗೆಕೊಳವೆಗೆ ಯಾರೋ ಕಟ್ಟಿ ಮರೆತ
ಚುನಾವಣೆಯ ಬಾವುಟ ಬರುತ್ತದೆ.
ಅದಕ್ಕೇ ರಾತ್ರಿ.

ಮಂಡ್ಯ, ಸಕ್ಕರೆ ಕಾರ್ಖಾನೆಯ ಹಿಂದಣ ಯಾರ್ಡು.
ಹನ್ನೊಂದೂಕಾಲು. ಕಬ್ಬಿನ ಲಾರಿಗಳು ಸಾಲಾಗಿ ನಿದ್ದೆಯಲ್ಲಿ.
ಒಬ್ಬ ಡ್ರೈವರ್ ಮಾತ್ರ ಟೈರಿಗೆ ಒರಗಿ
ಯಾರಿಗೋ ಫೋನಿನಲ್ಲಿ ತೂಕದ ಲೆಕ್ಕ ಒಪ್ಪಿಸುತ್ತಿದ್ದಾನೆ.
ಗಾಳಿಗೆ ಹುಳಿಹತ್ತಿದ ಕಾಕಂಬಿಯ ವಾಸನೆ.

ನಾನು ಮದುವೆ ಫೋಟೊದವಳು.
ಸ್ಟುಡಿಯೊ ಅಪ್ಪನದು. ಗಂಡು ಹೆಣ್ಣು, ಪಾಸ್‌ಪೋರ್ಟ್ ಸೈಜು,
ಒಮ್ಮೊಮ್ಮೆ ಗೋಡೆಗೆ ಒರಗಿಸಿ ಕೂರಿಸಿದ ಹೆಣ.
ಕಣ್ಣು ಮಿಟುಕಿಸದ ಗಿರಾಕಿಗಳಲ್ಲಿ
ಇದು ಎರಡನೆಯ ಜಾತಿ.

ಉಗಿಯ ಟ್ರ್ಯಾಕ್ಟರು. ಆನೆಯ ಹಾಗಿದೆ ಅನ್ನಬಹುದಿತ್ತು,
ಆದರೆ ಆನೆಗೆ ಮಾವುತನ ನೆನಪಿರುತ್ತದೆ.
ಇದರ ಹೊಟ್ಟೆಯಡಿ ಉಕ್ಕಿನ ಹಗ್ಗ ಸುತ್ತುವ ಖಾಲಿ ಡ್ರಮ್ಮು.
ಹಿತ್ತಾಳೆ ಫಲಕದಲ್ಲಿ ನಂಬರು ಉಳಿದಿದೆ,
ಹುಟ್ಟಿದೂರಿನ ಹೆಸರು ಸವೆದಿದೆ.

ಕಾವಲಿನ ಮಾಯಿಗಯ್ಯ ಬೀಗದ ಗೊಂಚಲು ಅಲ್ಲಾಡಿಸುತ್ತ ಬಂದ.
‘ಎರಡಿದ್ದೋ ಕಣವ್ವ. ಗದ್ದೆಯ ಈ ಬದೀಗೊಂದು, ಆ ಬದೀಗೊಂದು.
ನಡುವೆ ಹಗ್ಗ, ಹಗ್ಗಕ್ಕೆ ನೇಗ್ಲು.
ಇದು ಎಳೆದ್ರೆ ಅದು ಬುಡೋದು, ಅದು ಎಳೆದ್ರೆ ಇದು ಬುಡೋದು.
ಗಂಡ ಹೆಂಡ್ತಿ ಇದ್ದಂಗೆ.
ಅದು ಗುಜರಿಗೆ ಹೋಯ್ತು.’
ಯಾವುದು ಗಂಡ, ಯಾವುದು ಹೆಂಡತಿ, ನಾನು ಕೇಳಲಿಲ್ಲ.

ಟ್ರೈಪಾಡು ಊರಿದೆ, ಒಂದು ಕಾಲಡಿಗೆ ಇಟ್ಟಿಗೆ ಚೂರು.
ಲೆನ್ಸಿನ ಇಬ್ಬನಿ ದುಪ್ಪಟ್ಟದ ತುದಿಯಲ್ಲಿ ಒರೆಸಿದೆ.
ಮೂವತ್ತು ಸೆಕೆಂಡು ಕಣ್ಣು ತೆರೆದಿಟ್ಟರೆ
ಕ್ಯಾಮೆರಾ ಕತ್ತಲನ್ನೂ ಕುಡಿದುಬಿಡುತ್ತದೆ.
ಬೆಳಕನ್ನು ಟಾರ್ಚಿನಲ್ಲಿ ಬಳಿಯಬೇಕು, ಸುಣ್ಣ ಹೊಡೆದ ಹಾಗೆ,
ಒಂದೇ ಕಡೆ ನಿಲ್ಲಬಾರದು:
ಮೊದಲು ಗಾಲಿ, ಗಾಲಿಯ ಹಲ್ಲು, ಆಮೇಲೆ
ಬಾಯ್ಲರಿನ ಮೈಯ ರಿವೆಟ್ಟುಗಳು
ಒಂದೊಂದಾಗಿ, ಸಿಡುಬಿನ ಕಲೆ ಸವರಿದಂತೆ.

‘ನಂಗೂ ಒಂದು ಬ್ಯಾಟ್ರಿ ಕೊಡು’ ಅಂದ ಮಾಯಿಗಯ್ಯ.

ಕೊಟ್ಟೆ. ಶಟರ್ ತೆರೆದೆ.
ಎಪ್ಪತ್ತಾರರ ಮುದುಕ ಹೋಗಿ
ಒಲೆಯ ಬಾಗಿಲು ಎಳೆದ, ಕಿರ್ರೆಂದಿತು,
ಉರಿಯುವ ಬ್ಯಾಟರಿ ಒಳಗಿಟ್ಟು ಸೊಂಟ ಬಗ್ಗಿಸಿದ.
ಇಲ್ಲದ ಸಲಿಕೆಯಲ್ಲಿ ಇಲ್ಲದ ಕಲ್ಲಿದ್ದಲು
ಮೂರು ಸಲ, ನಾಲ್ಕು ಸಲ, ಒಳಗೆ ಎಸೆದ.
ಇಲ್ಲದ ಝಳಕ್ಕೆ ಹಿಂದಕ್ಕೆ ಹಾರಿದ.
ನಾಲೆಯಿಂದ ಬಿಂದಿಗೆಯಲ್ಲಿ ನೀರು ಹೊರುವಾಗ ಅವನಿಗೆ ಹನ್ನೊಂದು,
ಮೇಲೆ ನಿಂತು ಅಪ್ಪ ಬೈಯುತ್ತಿದ್ದನಂತೆ.
ಆ ಬೈಗುಳ ಈಗ ತನಗೆ ತಾನೇ ಬೈದುಕೊಂಡ:
‘ಬಿರ್ರನೆ ಬಾರ್ಲಾ, ಉಗಿ ಇಳೀತದೆ!’
ಇಪ್ಪತ್ತೆಂಟು. ಇಪ್ಪತ್ತೊಂಬತ್ತು.

ತಲೆಗೆ ತಲೆ ತಾಗಿಸಿ ಪರದೆ ನೋಡಿದೆವು.
ಒಲೆಯಲ್ಲಿ ಬೆಂಕಿ ಬಿದ್ದಿದೆ. ಗಾಲಿ ಇದೆ, ಹಲ್ಲಿದೆ,
ಕೊಳವೆಯ ಮೇಲೊಂದು ನಕ್ಷತ್ರ ಕೂದಲಷ್ಟು ಜರುಗಿದೆ.
ಮಾಯಿಗಯ್ಯ ಇಲ್ಲ.

‘ನಾನೆಲ್ಲವ್ವ?’
ಅಲ್ಲಾಡಿದವರು ಬರಲ್ಲ ಅಜ್ಜ, ನಿಂತದ್ದು ಮಾತ್ರ ಬರುತ್ತೆ, ಅಂದೆ.
ಅಂದ ಮೇಲೆ ನನ್ನ ಬಾಯಿಯೇ ಕಹಿಯಾಯಿತು.
ಅವನು ಸ್ವಲ್ಪ ಹೊತ್ತು ನೋಡುತ್ತಿದ್ದು,
‘ಅದ್ಕೇ ಆಫೀಸಿನ ಗೋಡೆ ಪಟದಲ್ಲಿ
ನಮ್ಮಪ್ಪನೂ ಇಲ್ಲ’ ಅಂದ.

ಇನ್ನೊಂದು ತೆಗೆಯೋಣ, ಕದಲಬೇಡಿ.
ಲಿವರಿನ ಹಿಡಿಯ ಮೇಲೆ ಕೈಯಿಟ್ಟು, ಉಸಿರು ಕಟ್ಟಿ ನಿಂತ.
ಹತ್ತಕ್ಕೆ ಕೆಮ್ಮು ಬಂತು.
ಇಪ್ಪತ್ತಕ್ಕೆ ಮೈಸೂರಿನ ರೈಲು ಕೂಗಿತು, ತಿರುಗಿ ನೋಡಿದ.
ಮುಖದ ಜಾಗದಲ್ಲಿ ಬಂದದ್ದು
ಒಂದು ಬೊಗಸೆ ಹಬೆ.
ಹಿಡಿಯ ಮೇಲಿದ್ದ ಕೈ ಮಾತ್ರ
ಉಗುರು, ನರ, ಹೆಬ್ಬೆರಳ ಹಳೇ ಸುಟ್ಟಗಾಯದ ಸಮೇತ
ಕಬ್ಬಿಣದಷ್ಟೇ ನಿಚ್ಚಳ.

‘ಪಿಂಚಣಿ ಆಫೀಸಿಗೆ ಇದು ನಡೀತದಾ?’
ನಡೆಯಲ್ಲ, ಮುಖ ಬೇಕು.
‘ಮುಖ ಯಾರ್ ಬೇಕಾದ್ರೂ ತೋರಿಸ್ತಾರೆ ಬುಡವ್ವ’
ಅನ್ನುತ್ತ ಒಲೆಯ ಬಾಗಿಲು ಹಾಕಲು ಹೋದ.

ಒಳಗೆ ಬ್ಯಾಟರಿ ಇನ್ನೂ ಉರಿಯುತ್ತಿತ್ತು.
ಆರಿಸುವ ಮುನ್ನ ಎರಡೂ ಅಂಗೈ ಚಾಚಿ
ಒಂದು ಗಳಿಗೆ
ಚಳಿ ಕಾಯಿಸಿಕೊಂಡ.