ಪುಡಿಯ ಲೆಕ್ಕ

ಹಗಲೆಲ್ಲ ಬರ್ಮಿಂಗ್‌ಹ್ಯಾಮಿನ ಹಾಕ್ಲಿಯಲ್ಲಿ
ಅವರಿವರ ಉಂಗುರಕ್ಕೆ ಅರ ಹಾಕುತ್ತೇನೆ.
ತೊಡೆಯ ಮೇಲೆ ತೊಗಲಿನ ಜೋಳಿಗೆ,
ಉದುರಿದ ಪುಡಿಯೆಲ್ಲ ಅದರೊಳಗೆ.
ಸಂಜೆ ಕೈ ತೊಳೆದ ನೀರನ್ನೂ ಚೆಲ್ಲುವಂತಿಲ್ಲ,
ಅದರಲ್ಲೂ ಮಾಲೀಕನ ಚಿನ್ನ ಉಂಟು.

ರಾತ್ರಿ ಮನೆಯ ಹಿಂದಿನ ಶೆಡ್ಡಿನಲ್ಲಿ
ಕೈ ಅದೇ; ಅರದ ಬದಲು ಉಪ್ಪುಕಾಗದ.
ಬಾಲ್ಸಾ ಮರದ ಪುಡಿ
ಮೂಗಿಗೆ, ಹುಬ್ಬಿಗೆ, ಆರಿದ ಚಹಾಕ್ಕೆ.
ಇಲ್ಲಿ ಕಳೆದದ್ದೇ ಗಳಿಕೆ.
ಗುಡಿಸಿ ಬಾಗಿಲಾಚೆ ತೂರಿಬಿಡುತ್ತೇನೆ, ದೊಡ್ಡ ಸಾಹುಕಾರನ ಹಾಗೆ.

ಒಂದರ ಮೇಲೊಂದು ರೆಕ್ಕೆಯ ಹಳೇ ಕಾಲದ ವಿಮಾನ,
ಮೋಟು ಮೂಗು, ಉದ್ದ ಬಾಲ.
ಪೆಟ್ಟಿಗೆಯ ಮೇಲೆ ಬರೆದಿದೆ: ಸಾವಿರದ ನಾನೂರು ಗ್ರಾಂ.
ಬರೆದವನು ಅಂಟು ತೂಗಿರಲಿಲ್ಲ.
ಎರಡು ಸಂಸಾರ ಇದ್ದವನ ಖರ್ಚಿನಂತೆ ಎಲ್ಲವೂ ಎರಡೆರಡು,
ಮೇಲೆ ಅವೆರಡರ ನಡುವಿನ ಕಂಬ, ತಂತಿ, ಕೊಕ್ಕೆ.
ಪಕ್ಕೆಲುಬು ನಲವತ್ನಾಲ್ಕು.
ಒಂದೊಂದಕ್ಕೆ ಒಂದೊಂದು ತೊಟ್ಟು ಅಂಟು ಹೆಚ್ಚಾದರೂ—
ಹನಿ ಹನಿ ಕೂಡಿದರೆ ಹಳ್ಳ.
ಉಳಿತಾಯ ಕಲಿಸಲು ಮಾಸ್ತರು ಹೇಳಿದ್ದ ಗಾದೆ
ಇಲ್ಲಿ ಬೆದರಿಕೆ.

ಪಕ್ಕದ ಮಣೆಯ ಮೌರೀನ್ ಟ್ರಾಂಟರ್,
ನಲವತ್ತು ವರ್ಷ ಪಾಲಿಶ್ ಹಿಡಿದು ಉಗುರು ಕಪ್ಪಾದವಳು,
ಶನಿವಾರ ಬಂದು ಹಲಗೆಗಳನ್ನು
ಒಂದೊಂದಾಗಿ ಅಂಗೈ ಮೇಲೆ ಕುಣಿಸುತ್ತಾಳೆ.
ಒಂದೇ ಉದ್ದ, ಒಂದೇ ಅಗಲ, ಒಂದೇ ಬಣ್ಣ;
ತೂಗಿದರೆ ಒಂದು ಒಂಬತ್ತು, ಒಂದು ಹದಿನಾರು.
"ದಪ್ಪಗಿನವನು ಮುಂದೆ. ಸಣಕಲು ಹಿಂದೆ.
ಬಾಲದಲ್ಲಿ ಒಂದು ಗ್ರಾಂ ಇಟ್ಟೆಯೋ,
ಮೂಗು ಮೂರು ಕೇಳುತ್ತೆ."
ಮೀಟರ್ ಬಡ್ಡಿ, ಎಂದೆ ಕನ್ನಡದಲ್ಲಿ.
ಅವಳಿಗೆ ಅರ್ಥವಾದಂತೆ ಕಂಡಿತು.

ನಮ್ಮ ಮಾತಿನಲ್ಲಿ ಹಗುರ ಎಂದರೆ ಬೈಗುಳ.
ಹಗುರವಾಗಿ ಮಾತಾಡಬೇಡ, ಎನ್ನುತ್ತಿದ್ದ ಅಪ್ಪ.
ತೂಕದ ಮನುಷ್ಯ ಎಂದರೆ ಕಟ್ಟೆಯ ಮೇಲೆ ಜಾಗ ಸಿಗುತ್ತಿತ್ತು.
ದಿನವಿಡೀ ಗುಲಗಂಜಿ ಎಣಿಸಿದವನು ಅಪ್ಪ,
ಒಂದು ಕಾಳೂ ಕದಿಯದೆ
ಕದ್ದ ಹೆಸರು ಹೊತ್ತು ಹೋದವನು:
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡನಂತೆ.
ಅಪ್ಪಾ, ನಿನ್ನ ಮಗ ಈಗ ರಾಜಾರೋಷವಾಗಿ ಕದಿಯುತ್ತಿದ್ದಾನೆ.
ಪಕ್ಕೆಲುಬಿನ ನಡುವೆ ದುಂಡಗೆ ತೂತು ಕೊರೆದು,
ತಿರುಪು ಮೊಳೆಯ ತುದಿ ಕತ್ತರಿಸಿ,
ತಂತಿಯ ಜಾಗಕ್ಕೆ ಎಲಾಸ್ಟಿಕ್ ದಾರ ಎಳೆದು,
ಪೈಲಟ್ಟಿನ ತಲೆಯೊಳಗಿನ ಥರ್ಮೋಕೋಲ್ ಕೆರೆದು.
ಅವನಿಗೀಗ ಮೀಸೆ ಇದೆ, ಮಿದುಳಿಲ್ಲ.

ಸಾವಿರದ ಮುನ್ನೂರ ಎಂಬತ್ತು. ಅಲ್ಲಿಗೆ ಕೈ ಮುಗಿಯಬೇಕಿತ್ತು.
ಬಾಲದ ಮೇಲೆ ಹೆಸರು ಬರೆಯುವ ಆಸೆ.
ಕೆಂಪು ಒಂದು ಕೈ; ಮಾಸಲು ಅನಿಸಿ ಇನ್ನೊಂದು ಕೈ;
ಅದರ ಮೇಲೆ ಹಳದಿಯಲ್ಲಿ, ಮೌನೇಶನ 'ಮೌ'.
ಆ ಔತ್ವದ ಸುರುಳಿ ಬೇರೆ.
ಹನ್ನೊಂದು ಗ್ರಾಂ.
ಎರಡು ಬೆರಳ ತುದಿಯಲ್ಲಿ ಎತ್ತಿ ನಿಲ್ಲಿಸಿದರೆ
ಕುಂಡೆ ಊರಿ ಕೂತಿತು ವಿಮಾನ, ರಚ್ಚೆ ಹಿಡಿದ ಕೂಸಿನಂತೆ.

ಮೌರೀನ್ ನಗಲಿಲ್ಲ.
ಕೈಚೀಲದಿಂದ ಒಂದು ಸೀಸದ ತುಂಡು ತೆಗೆದಳು.
ಹೋದ ವಾರವೇ ಬಣ್ಣದ ಡಬ್ಬಿ ನೋಡಿದ್ದಳಂತೆ.
"ಮೂವತ್ತೈದಿದೆ. ಎರಡು ನೀನೇ ಕೆರೆದುಕೋ."

ಭಾನುವಾರ, ಲಿಚ್‌ಫೀಲ್ಡ್ ದಾರಿಯ ಕುರಿ ಹೊಲ.
ಗಾಳಿ ಇನ್ನೂ ಎದ್ದಿರಲಿಲ್ಲ.
ಹತ್ತು ಮಾರು ಓಡಿ, ಓಡುತ್ತಿದ್ದುದೇ ಮರೆತುಹೋದಂತೆ
ನೆಲ ಬಿಟ್ಟಿತು.
ರೆಕ್ಕೆಯ ತೆಳು ಹೊದಿಕೆಯಾಚೆ ಸೂರ್ಯ,
ಪಕ್ಕೆಲುಬೆಲ್ಲ ಗೀಟು ಗೀಟು.
ಕಡ್ಡಿ ತಿರುಗಿಸುವ ಹೆಬ್ಬೆರಳು ಬೆವರಿತ್ತು.
ಮೌರೀನ್ ಕುರಿಗಳನ್ನು ನೋಡುತ್ತಿದ್ದಳು, ಅಥವಾ ಹಾಗೆ ನಟಿಸಿದಳು.
ಹಗುರ, ಎಂದೆ ಬಾಯಿಬಿಟ್ಟು.
ಬೈದಂತೆ ಕೇಳಿಸಲಿಲ್ಲ.

ಶೆಡ್ಡಿಗೆ ತಂದು ತೂಗಿದೆ, ಅಭ್ಯಾಸಬಲ.
ಹಾರುವಾಗ ಇದ್ದದ್ದಕ್ಕಿಂತ ಆರು ಗ್ರಾಂ ಹೆಚ್ಚು:
ಗಾಲಿಗೆ ಮೆತ್ತಿದ ಕುರಿಹಿಕ್ಕೆ, ಹಸಿ ಹುಲ್ಲು.
ಬ್ರಷ್ಷು ಕೈಗೆ ತೆಗೆದುಕೊಂಡೆ,
ಯಾವ ಡಬ್ಬಿಗೆ ಉದುರಿಸುವುದೆಂದು ತಿಳಿಯದೆ
ಸ್ವಲ್ಪ ಹೊತ್ತು ಹಾಗೇ ನಿಂತೆ.