ಸ್ಕೋರ್ ಬುಕ್ಕಿನ ಹಿಂಬದಿ

ಪಂದ್ಯದ ಮರುದಿನ ನಸುಕಿನ್ಯಾಗ
ಜರಡಿ ಹಿಡದು ಕುಂಡರತೀನಿ ಅಂಕಣದ ನಡುವ.
ನಮ್ಮಪ್ಪ ಬೆಟಗೇರಿ ಓಣ್ಯಾಗ ಅರಳಿ ಹಿಂಜತಿದ್ದ,
ಬಿಲ್ಲಿನ ಸಪ್ಪಳಕ್ಕ ಮನಿ ತುಂಬ ಬಿಳೇ ಧೂಳು.
ನಾ ಮಣ್ಣು ಹಿಂಜತೀನಿ.
ಮಸಾರಿ ಕೆಳಗ ಇಳೀತದ,
ಮ್ಯಾಲ ಉಳೀತದ
ಗಾಜು.

ಆಡಾವ್ರು ಬರಿಗಾಲಾಗ ಇರ್ತಾರ.
ದೊಡ್ಡವ್ರಿಗೆ ಅದು ನೆನಪಿರೂದಿಲ್ಲ,
ಅವರ ಬೂಟು ಎಂದೂ ಗ್ಯಾಲರಿ ಇಳದು ಬಂದಿಲ್ಲ.
ಹ್ವಾದ ವರ್ಷ ಲಕ್ಕುಂಡಿ ಹುಡುಗಿ, ಖೋ ಖೋ ಆಡಾಕಿ,
ಕಲ್ಲವ್ವ ಗೋಣೆಪ್ಪನವರ,
ಕಂಬ ತಿರುಗೂಮುಂದ ಕಾಲೆತ್ತಿ ನಿಂತ್ಲು.
ರಕ್ತ ನೋಡಲಿಲ್ಲ, ಅಳಲಿಲ್ಲ,
"ನಾ ಔಟೋ ಅಲ್ಲೋ, ಅದನ್ನ ಹೇಳ್ರಿ ಮೊದಲ" ಅಂದ್ಲು.
ಐದು ಹೊಲಿಗಿ.

ಅವತ್ತಿಂದ ಬರಿಯಾಕ ಹತ್ತಿದೆ
ಸ್ಕೋರ್ ಬುಕ್ಕಿನ ಹಿಂದಿನ ಪುಟದಾಗ,
ನಾಲ್ಕು ಗೆರಿ, ಐದನೇದ್ದು ಅಡ್ಡ.
ವಲಯ ಮಟ್ಟ, ಮೊದಲ ದಿನ: ಬೀರು ನಲವತ್ತೊಂದು,
ಕ್ವಾರ್ಟರು ಅರವತ್ತಮೂರು,
ನೈಂಟಿ ಪಾಕೀಟು ಎಣಿಕಿಗೆ ಸಿಗಲಿಲ್ಲ,
ಕಪ್ಪತಗುಡ್ಡದ ಗಾಳಿ ಒಯ್ತು.
ನೀರಿನ ಟಾಕಿ ಹಿಂದ ಹೆಚ್ಚು.
ಸ್ವಾಗತ ಸಮಿತಿ ಶಾಮಿಯಾನದ ಹಿಂದ ಮೂರ,
ಅವು ಚೊಲೋ ಬಾಟ್ಲಿ, ಮುಚ್ಚಳ ಸೈತ ಇದ್ದೂವು.

ಮೊನ್ನೆ ಮೀಟಿಂಗ್ ಕರದ್ರು.
ಹುಬ್ಬಳ್ಳಿಂದ ಕಂಪನಿಯವ ಬಂದಿದ್ದ,
ತಿಳಿ ನೀಲಿ ಅಂಗಿ, ತಣ್ಣನ ಮಾತು:
"ಕದ್ದು ಕುಡಿಯೂದ್ರಿಂದ ಗದ್ದಲ, ಕಾಣಂಗ ಕುಡದ್ರ ಶಿಸ್ತು.
ಇಪ್ಪತ್ತೊಂದು ತುಂಬಿದವರ ಕೈಗೆ ಒಂದು ಪಟ್ಟಿ,
ಕಾಗದದ ಗ್ಲಾಸು, ಗಾಜು ಇಲ್ಲೇ ಇಲ್ಲ.
ನಾಕು ಕಂಬ ಹೊನಲು ಬೆಳಕು, ನಮ್ಮ ಖರ್ಚಿಲೆ."
ಬೆಳಕು ಅಂದಕೂಡ್ಲೆ ಚೇರಮನ್ರು ಕುರ್ಚಿ ಮುಂದ ಸರಿಸಿದ್ರು.
ಹಡಗಲಿ ಮಾಸ್ತರ್ರು ಎದ್ದು
"ಇದು ಸಾಲಿ ಕಲಿಯೂ ಜಾಗಾ" ಅಂದು,
ಸುತ್ತ ನಾಕು ಮಂದಿ ಮಾರಿ ನೋಡಿ
ಮತ್ತ ಕುಂತ್ರು.

ಗಾಜು ಇಲ್ಲ ಅಂದದ್ದಷ್ಟ ನನ್ನ ಕಿವಿಗೆ ಬಿತ್ತು.
ಸುಳ್ಳು ಯಾಕ ಹೇಳ್ಲಿ,
ಆ ಹುಡುಗಿ ಕಾಲು ಕಣ್ಮುಂದ ಬಂತು,
ಆಗಲಿ ಬಿಡು ಅನಿಸ್ತು ಒಂದು ಗಳಿಗಿ.

ಆಗ ಅವ ಕೇಳಿದ:
"ಈಗ ದಿನಕ್ಕ ಎಷ್ಟು ಹೋಗತದ ಇಲ್ಲೆ, ಅಂದಾಜು?"
ಎಲ್ಲಾರೂ ನನ್ನ ಕಡೆ ಹೊಳ್ಳಿದ್ರು.
ಹದಿನೆಂಟು ವರ್ಷದ ನೌಕರ್ಯಾಗ ಮೊದಲನೇ ಸಲ
"ನದಾಫ್ ಅವರ, ಕುಂಡರ್ರಿ" ಅಂದ್ರು.
ತಕರಾರು ಅಂತ ಬರದಿದ್ದೆ ನಾ.
ಅವ ಪುಟಾ ಬೆಳಕಿಗೆ ಹಿಡದು ಫೋಟೋ ಹೊಡಕೊಂಡ,
ಬೆರಳಿಟ್ಟು ಅಡ್ಡಗೆರಿ ಎಣಿಸಿದ,
"ಸರ್ವೇ ಅಂದ್ರ ಹಿಂಗ ಇರಬೇಕು ನೋಡ್ರಿ" ಅಂದು
ನನ್ನ ಕೈ ಕುಲುಕಿದ.

ಪುಟದ ಕೆಳಗ ಇನ್ನೊಂದು ಲೆಕ್ಕ ಇತ್ತು,
ಕೊಡೂಮುಂದ ಹೆಬ್ಬಟ್ಟಿಲೆ ಮುಚ್ಚಿದ್ದೆ:
ರದ್ದಿ ಅಂಗಡಿ, ಬಾಟ್ಲಿಗೆ ಎರಡು ರೂಪಾಯಿ,
ಮಗನ ಕಂಪಾಸ ಪೆಟಗಿ,
ಮನಿಯಾಕಿ ಕನ್ನಡಕದ ಕಾಲು,
ಈ ಜರಡಿ.
ನಾ ಹನಿ ಮುಟ್ಟಿದಾವಲ್ಲ.
ನಮಾಜಿಗೆ ಎಲ್ಲಾರೂ ಕೈ ಮೂರು ಸಲ ತೊಳೀತಾರ,
ನಾ ಆರು ಸಲ.

ಠರಾವು ಪಾಸಾಗಿಲ್ಲ. ಬಿದ್ದೂ ಇಲ್ಲ.
ಬುಕ್ಕು ತಿರುಗಿ ಕೊಟ್ಟಾರ, ಹಿಂದಿನ ಪುಟ ಹರಕೊಂಡು.
ಹರದ ಅಂಚಿನ್ಯಾಗ ಒಂದೆರಡು ಗೆರಿ ಉಳದಾವ,
ಅವು ಯಾವ ದಿನದವು ಅಂತ ನನಗೂ ಗೊತ್ತಾಗವಲ್ದು.

ಇನ್ನೂ ಕತ್ತಲಿ.
ಗೇಟಿನ ಕಡಿಂದ ಚಪ್ಪಲಿ ಬಿಡೂ ಸಪ್ಪಳ.
"ಆತೇನ್ ಕಾಕಾ?"
ತಡಿಯವಾ ಕಲ್ಲವ್ವ,
ಇನ್ನೊಂದು ಜರಡಿ.