ಎರಡು ನಾವು

ಕರಡು ನೀತಿ, ನೂರಾ ಹದಿನಾಲ್ಕು ಪುಟ.
ಕೊಣಾಜೆಯ ಹಾಸ್ಟೆಲಿನಲ್ಲಿ ತಟ್ಟೆಗಳನ್ನು ಬದಿಗೆ ಸರಿಸಿ
ನಾಲ್ಕು ರಾತ್ರಿ ಓದಿದೆವು.
ಸ್ನಾತಕೋತ್ತರ ಎಂಬ ಶಬ್ದ ಒಂಬತ್ತು ಸಲ ಬರುತ್ತದೆ,
ಆರು ಸಲ ಅನುಬಂಧದಲ್ಲಿ, ಎಂದು ಎಣಿಸಿದವಳು ಹುಲಿಗೆಮ್ಮ.
ಸಂಖ್ಯಾಶಾಸ್ತ್ರ, ಕುಷ್ಟಗಿ ಕಡೆಯವಳು.
ಹತ್ತು ತಿಂಗಳಿಂದ ಫೆಲೋಶಿಪ್ಪಿಲ್ಲ,
ಮೆಸ್ಸಿನ ಲೆಕ್ಕ ಬರೆದು ಊಟದ ಸಾಲ ತೀರಿಸುತ್ತಾಳೆ.

"ಇದರಾಗ ಕ್ರಿಯಾಪದ ಅದಾವ, ಕರ್ತೃ ಇಲ್ಲ ನೋಡು" ಅಂದಳು.
ಹೌದು. ಉತ್ತೇಜಿಸಲಾಗುವುದು. ವಿಲೀನಗೊಳಿಸಲಾಗುವುದು.
ಯಾರು ಮಾಡುವುದು? ಯಾರೂ ಅಲ್ಲ.
ಗಾಳಿಗೆ ಕದ ಹಾಕಿಕೊಂಡ ಹಾಗೆ
ತನ್ನಷ್ಟಕ್ಕೆ ಆಗುವುದು.

ನನ್ನನ್ನು ಪ್ರತಿನಿಧಿ ಮಾಡಿದ್ದು ಮತ ಹಾಕಿ ಅಲ್ಲ.
ಇಸ್ತ್ರಿ ಮಾಡಿದ ಸೀರೆ ಇದ್ದದ್ದು ನನ್ನ ಹತ್ತಿರ ಮಾತ್ರ.
ಮತ್ತೆ, ನನ್ನ ಗೈಡು ನಿವೃತ್ತರಾಗಿದ್ದರು,
ಹೆದರುವುದಕ್ಕೆ ಯಾರೂ ಉಳಿದಿರಲಿಲ್ಲ.

ಮನವಿಯಲ್ಲಿ ಎಲ್ಲರ ಕೈಬರಹ.
ಮಿಸ್ರಿಯಾಳ ಸಾಲು: ಸೆಂಟ್ರಿಫ್ಯೂಜು ಕೆಟ್ಟು ಎರಡು ವರ್ಷ,
ನೇತ್ರಾವತಿಯ ಕೆಸರು ಸೀಸೆಗಳಲ್ಲಿ ಕಾಯುತ್ತಿದೆ.
ಗ್ಲೆನ್ವಿಟಾಳ ಸಾಲು: ಹೆರಿಗೆಗೆ ರಜೆ ಉಂಟು,
ಪ್ರಬಂಧದ ಗಡುವಿಗೆ ಅದು ಗೊತ್ತಿಲ್ಲ.
ನಿತೇಶನದ್ದು ಬರೆದು, ಅವನೇ ಹೊಡೆದು ಹಾಕಿಸಿದ್ದು:
ರಾತ್ರಿ ಬಂದರಿನಲ್ಲಿ ಐಸು ಹೊರುತ್ತಾನೆ.
"ಬೇಡ ಮಾರಾಯ್ತಿ, ಪೇಪರಲ್ಲಿ ಬಂದರೆ ಅಮ್ಮ ಓದ್ತಾರೆ."
ಹೊಡೆದು ಹಾಕಿದ ಗೆರೆಯ ಕೆಳಗೆ
ಅಕ್ಷರ ಈಗಲೂ ಕಾಣುತ್ತಿತ್ತು.

ನಾನು ಸಿಕ್ಕಿಬಿದ್ದದ್ದು ಮೊದಲ ಶಬ್ದದಲ್ಲೇ.
"ನಾವು".
ತುಳುವಿನಲ್ಲಿ ಕನಸು ಕಾಣುವವಳಿಗೆ ನಾವು ಎರಡು.
ನಮ ಅಂದರೆ ನೀನೂ ಸೇರಿ.
ಎಂಕುಲು ಅಂದರೆ ನಿನ್ನನ್ನು ಬಿಟ್ಟು.
ಅಜ್ಜಿ ಮಾತಿನ ನಡುವೆ
ಒಂದರಿಂದ ಇನ್ನೊಂದಕ್ಕೆ ದಾಟಿದರೆ
ನೆಂಟರು ಚಪ್ಪಲಿ ಹುಡುಕಬೇಕು.
ಕನ್ನಡದಲ್ಲಿ ಇರುವುದೊಂದೇ.
ಆ ಒಂದು ಕೊಡೆಯ ಕೆಳಗೆ
ಸಮಿತಿಯೂ ನಿಲ್ಲಬಹುದು, ನಿತೇಶನೂ.
ಒದ್ದೆಯಾಗುವುದು ಯಾರ ಹೆಗಲು
ಎಂದು ವ್ಯಾಕರಣ ಹೇಳುವುದಿಲ್ಲ.

ಹಂಪನಕಟ್ಟೆಯ ಸಭಾಂಗಣ, ಎಸಿಯ ಚಳಿ.
ಖಾಸಗಿ ಕಾಲೇಜಿನವರು ಇಪ್ಪತ್ತು ನಿಮಿಷ, ಚಿತ್ರಗಳ ಸಮೇತ.
ನಮಗೆ ಕೊಟ್ಟ ಮೂರು, ಊಟ ಹತ್ತಿರವಾದ ಕಾರಣ ಒಂದೂವರೆ.
ಅಧ್ಯಕ್ಷರು ಒಳ್ಳೆಯವರು. ನಕ್ಕರು.
"ಹೇಳಮ್ಮ, ನಾವೂ ವಿದ್ಯಾರ್ಥಿಗಳಾಗಿದ್ದವರೇ.
ನಾವೆಲ್ಲ ಒಂದೇ ಮನೆಯವರು."
ಆ ಮಾತಿಗೆ ಮೈಕಿನ ಮುಂದೆ ನನ್ನ ಬಾಯಿಂದ
ಕಾಗದದಲ್ಲಿ ಇಲ್ಲದ್ದು ಬಿತ್ತು:
"ಎಂಕುಲು..."

ಸಮಿತಿ ತಲೆ ಎತ್ತಲಿಲ್ಲ.
ಎತ್ತಿದ್ದು ಗೋಳಿಬಜೆಯ ತಟ್ಟೆ ಹಿಡಿದು
ಗೋಡೆ ಬದಿಯಲ್ಲಿ ನಿಂತಿದ್ದ ಹೆಂಗಸು.
ನನ್ನನ್ನು ನೋಡಿದಳು, ಅವರನ್ನು ನೋಡಿದಳು,
ಇಬ್ಬರ ನಡುವಿನ ದೂರವನ್ನು ಅಳೆದು
ತಟ್ಟೆಯನ್ನು ಮೇಜಿಗೆ ಇಟ್ಟಳು, ಸ್ವಲ್ಪ ಸದ್ದು ಮಾಡಿ.

"ಏನಂದಿರಿ?" "ನಾವು ಅಂದೆ, ಸರ್."
ಉಳಿದದ್ದನ್ನು ಓದಿದೆ. ಕೆಸರು, ಗಡುವು, ಹತ್ತು ತಿಂಗಳು.
ಹೊಡೆದು ಹಾಕಿದ ಸಾಲು ಬಂದಾಗ ನಿಲ್ಲಿಸಿದೆ,
ಓದಲಿಲ್ಲ. ಅಷ್ಟು ಹೊತ್ತು
ಸುಮ್ಮನಿದ್ದದ್ದೂ ನನ್ನ ಸಮಯದಲ್ಲೇ ಲೆಕ್ಕವಾಯಿತು.

ಹೊರಗಿನ ಕೌಂಟರಿನಲ್ಲಿ ಸೀಲು ಹಾಕಿ ಕೊಟ್ಟರು.
ಸ್ವೀಕರಿಸಲಾಗಿದೆ.
ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತಿ ಕೂತೆ.
ತೊಕ್ಕೊಟ್ಟು ದಾಟುವಾಗ ನೋಡಿದರೆ
ಶಾಯಿ ಒಣಗಿರಲಿಲ್ಲ:
ಸ್ವೀಕರಿಸಲಾಗಿದೆ ಎಂಬುದು ನನ್ನ ಹೆಬ್ಬೆರಳಿನ ಮೇಲೆ
ಉಲ್ಟಾ ಬಂದು ಕೂತಿತ್ತು.

ಗೇಟಿನಲ್ಲಿ ಹುಲಿಗೆಮ್ಮ, ಇನ್ನೂ ಮೂವರು.
"ಏನಂದ್ರು?"
ಬೆರಳು ತೋರಿಸಿದೆ.
ಅವಳು ತಿರುವಿ ತಿರುವಿ ನೋಡಿ,
"ಇಲ್ಲೂ ಕರ್ತೃ ಇಲ್ಲಲ್ಲೇ" ಅಂದಳು.
ನಿತೇಶ ಮಾತ್ರ ಕಾಗದ ಕೇಳಿ ಪಡೆದು
ತನ್ನ ಸಾಲಿನ ಮೇಲಿದ್ದ ಗೆರೆಯನ್ನು
ಉಗುರಿನಿಂದ ಮೆಲ್ಲ ಕೆರೆಯುತ್ತಿದ್ದ.